ಎಡಗಡೆ ಸೀಟಿನ ಕ್ಲಚ್

ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದುದು ಜುಗ್ಗಿ ಅಂತ. ಅಮ್ಮ ಇಟ್ಟ ಹೆಸರು. ಮುಗಿದ ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಗೆ ಅಂಟಿಕೊಂಡಿದ್ದನ್ನೂ ಬಳಿದು ಹಲ್ಲುಜ್ಜುವವಳಿಗೆ ಬೇರೆ ಯಾವ ಹೆಸರು ಇಡುತ್ತಾರೆ? ನನಗೇನೂ ಬೇಜಾರಿರಲಿಲ್ಲ. ಅಂದುಕೊಳ್ಳುವವರು ಅಂದುಕೊಳ್ಳಲಿ, ತಿಂಗಳ ಕೊನೆಗೆ ಚಿಲ್ಲರೆ ಬೇಕಾದಾಗ ಅಮ್ಮ ಬರುತ್ತಿದ್ದುದು ನನ್ನ ಹತ್ತಿರವೇ. ಆದರೆ ಈ ಜುಗ್ಗತನ ಒಂದೇ ಒಂದು ಸಲ, ಇಡೀ ಬೀದಿಯ ಎದುರು ನನ್ನ ಮರ್ಯಾದೆ ತೆಗೆಯಿತು. ಅದು ನಾನು ಕಾರು ಕಲಿತ ವರ್ಷ.

ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಬಸವೇಶ್ವರನಗರದ ಒಂದು ಏರು ರಸ್ತೆಯಲ್ಲಿ ನಮ್ಮ ಮನೆ. ಇದ್ದದ್ದು ಮೂರೇ ಜನ, ಅಪ್ಪಾಜಿ, ಅಮ್ಮ, ನಾನು. ಅಪ್ಪಾಜಿ ದಾವಣಗೆರೆ ಕಡೆಯವರು. ಮದುವೆಗೆ ಮುಂಚೆಯೇ ಬೆಂಗಳೂರಿಗೆ ಬಂದು ವಿಜಯನಗರದಲ್ಲಿ ಪಾತ್ರೆ ಅಂಗಡಿ ಹಾಕಿದ್ದರು. ಆ ಬೇಸಿಗೆಯಲ್ಲಿ, ಅಟ್ಟದ ಮೇಲಿಂದ ಇಡ್ಲಿ ಪಾತ್ರೆ ಇಳಿಸಲು ಹೋಗಿ ಏಣಿಯಿಂದ ಬಿದ್ದರು. ಎಡಗಾಲು ಪಾದದ ಗಂಟಿನ ಹತ್ತಿರ ಮುರಿಯಿತು. ಆಪರೇಷನ್ ಆಯಿತು, ಪ್ಲಾಸ್ಟರ್ ಆಯಿತು, ಪ್ಲಾಸ್ಟರ್ ಬಿಚ್ಚಿದ್ದೂ ಆಯಿತು. ಮೂಳೆ ಕೂಡಿಕೊಂಡಿದೆ, ಆದರೆ ಪಾದ ಬಗ್ಗುತ್ತಿಲ್ಲ, ದಿನಾ ಪಾದವನ್ನು ಒತ್ತಿ ಬಿಡಬೇಕು, ಒತ್ತಿ ಬಿಡಬೇಕು, ಅದೇ ಮದ್ದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅಪ್ಪಾಜಿ ಒತ್ತಲಿಲ್ಲ. ಅಮ್ಮ ಟವೆಲ್ ಮಡಿಚಿ ಕೊಟ್ಟರೂ ಒತ್ತಲಿಲ್ಲ, ನಾನು ಎದುರಿಗೆ ಕೂತು ಮಾಡಿ ತೋರಿಸಿದರೂ ಒತ್ತಲಿಲ್ಲ. "ಆಮೇಲೆ ಮಾಡ್ತೀನಿ ಬಿಡ್ರೇ" ಅನ್ನುವುದು, ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರಿಗೆ ನಿಂತ ಕಾರನ್ನು ನೋಡುತ್ತ ಕೂರುವುದು. ಅಂಗಡಿಗೆ ಹೋಗುವುದು ಆಟೋದಲ್ಲಿ. ಆಟೋದಿಂದ ಇಳಿಯುವಾಗ ಡ್ರೈವರ್ ಕೈ ಕೊಟ್ಟರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಕೊಡದಿದ್ದರೆ ಇಳಿಯಲಾಗುತ್ತಿರಲಿಲ್ಲ, ಆಗಲೂ ಸಿಟ್ಟು.

ಕಾರು ಅಂದರೆ ಹಳೆಯ ಪುಟ್ಟ ಬಿಳಿ ಕಾರು. ಅಪ್ಪಾಜಿ ಅದನ್ನು ಕೊಂಡಾಗ ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆನಂತೆ. ಪ್ರತಿ ಭಾನುವಾರ ಬೆಳಿಗ್ಗೆ ಮೈಸೂರು ರಸ್ತೆ ಹಿಡಿದು, ಕೆಂಗೇರಿ ದಾಟಿ, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬರುವುದು ನಮ್ಮ ಮನೆಯ ಪದ್ಧತಿ. ಹಬ್ಬ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಮನೆಗೆ ಬಂದರೆ ತುಟಿ ಬಿಚ್ಚದ ಅಪ್ಪಾಜಿ, ಆ ಕಾರಿನಲ್ಲಿ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದರು. ತಮ್ಮ ಅಜ್ಜನ ಎತ್ತುಗಳಿಂದ ಹಿಡಿದು ಸ್ಟೀಲಿನ ರೇಟಿನವರೆಗೆ ಎಲ್ಲ ಆ ಹಾದಿಯಲ್ಲೇ. ಕಾರು ನಿಂತ ಮೇಲೆ ಆ ಮಾತೂ ನಿಂತುಹೋಯಿತು. ನನಗೆ ತಡೆಯಲಾಗದೆ ಇದ್ದದ್ದು ಅದು.

ಶ್ರಾವಣದಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪಾಜಿ ಹೇಳಿದರು, "ಆಯುಧ ಪೂಜೆ ಒಂದು ಮಾಡಿ ಗಾಡಿ ಕೊಟ್ಬಿಡೋಣ. ಗ್ಯಾರೇಜಿನವನಿಗೆ ಹೇಳಿದೀನಿ."

"ಯಾರನ್ನ ಕೇಳಿ ಹೇಳಿದ್ರಿ?" ಎಂದೆ. ನನ್ನ ದನಿ ಏರಿತ್ತು.

"ನಿಂತು ನಿಂತು ಹಾಳಾಗ್ತಿದೆ ಕಣವ್ವ. ಕ್ಲಚ್ ಒತ್ತೋ ಕಾಲೇ ಹೋದ್ಮೇಲೆ ಇಟ್ಕೊಂಡು ಏನ್ ಮಾಡ್ಲಿ? ಓಡ್ಸೋರ್ ಯಾರು?"

"ನಾನು ಓಡಿಸ್ತೀನಿ."

ಅಮ್ಮ ನಕ್ಕೇಬಿಟ್ಟಳು. "ಸೈಕಲ್ ಕಲೀವಾಗ ಮೋರಿಗೆ ಬಿದ್ದು ಎದ್ದೋಳು ಇವ್ಳು! ನಿನ್ನ ಎತ್ತಬಹುದಿತ್ತು ಕಣೇ, ಕಾರು ಬಿದ್ರೆ ಯಾರೆತ್ತೋದು?"

ಅಪ್ಪಾಜಿ ನಗಲಿಲ್ಲ. ರೊಟ್ಟಿ ಮುರಿಯುತ್ತ, "ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕೇಳ್ಬೇಡ. ಇದ್ದಿದ್ದೆಲ್ಲ ಆಸ್ಪತ್ರೆಗೆ ಸುರಿದಾಗಿದೆ," ಎಂದರು.

"ಕೇಳಲ್ಲ."

"ಹಂಗಾದ್ರೆ ಒಂದ್ ಮಾತು. ಆಯುಧ ಪೂಜೆ ದಿನ ನಿಂಬೆಹಣ್ಣಿನ ಮೇಲೆ ಗಾಡಿ ನೀನೇ ಹತ್ತಿಸ್ಬೇಕು. ಗಣೇಶನ ಗುಡಿಗೆ ಹೋಗಿ ವಾಪಸ್ ಬರ್ಬೇಕು. ಅವತ್ತಿನ ತನಕ ಕೀ ನನ್ನ ಹತ್ರ. ನೀನು ಹೋಗಿ ಬಂದ್ರೆ ಗಾಡಿ ಮನೇಲಿರುತ್ತೆ. ಇಲ್ಲಾಂದ್ರೆ ಮಾರನೇ ದಿನ ಗ್ಯಾರೇಜಿನವನು ಬಂದು ತಗೊಂಡು ಹೋಗ್ತಾನೆ. ಆಮೇಲೆ ಅಳಂಗಿಲ್ಲ."

ಅಳುವುದು ಯಾರು, ನಾನಾ? ಅವತ್ತಿನಿಂದಲೇ ಉಳಿಸಲು ಶುರು ಮಾಡಿದೆ. ಉಳಿಸುವುದು ನನಗೇನು ಹೊಸದೇ? ರಾಜಾಜಿನಗರದ ಕಾಲೇಜಿನಿಂದ ಮನೆಗೆ ನಡೆದೇ ಬಂದೆ. ಆಗಿನ್ನೂ ಹೆಂಗಸರಿಗೆ ಬಸ್ಸು ಫ್ರೀ ಆಗಿರಲಿಲ್ಲ. ದಾರಿಯಲ್ಲಿ ಮಸಾಲೆ ಪುರಿ ಗಾಡಿ ಸಿಗುತ್ತದೆ ಎಂದು ಒಂದು ಅಡ್ಡರಸ್ತೆಯನ್ನೇ ಬಿಟ್ಟುಬಿಟ್ಟೆ. ಗೆಳತಿಯರ ಹುಟ್ಟುಹಬ್ಬಕ್ಕೆ ಹೋಗುತ್ತಿದ್ದೆ, ಕೇಕ್ ತಿನ್ನುತ್ತಿದ್ದೆ, ಗಿಫ್ಟಿಗೆ ಎಲ್ಲರೂ ಸೇರಿ ಹಾಕುವ ಹೊತ್ತಿಗೆ ಬಾತ್‌ರೂಮಿನಲ್ಲಿರುತ್ತಿದ್ದೆ. ಸಂಜೆ ಬೀದಿಯ ಎರಡು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಆ ಮಕ್ಕಳ ತಾಯಿ ದಿನಾ ಒಂದು ತಟ್ಟೆ ತಿಂಡಿ ಕೊಡುತ್ತಿದ್ದರು, ಹಾಗಾಗಿ ಸಂಜೆಯ ಹಸಿವೂ ಉಳಿತಾಯದ ಬಾಬತ್ತಿಗೇ ಸೇರಿತು.

ದುಡ್ಡು ಇಡುತ್ತಿದ್ದುದು ಕುಕ್ಕರಿನಲ್ಲಿ. ಯಾರೋ ಗಿರಾಕಿ ಮುಚ್ಚಳ ಸರಿ ಕೂರುವುದಿಲ್ಲ ಎಂದು ಅಂಗಡಿಗೆ ವಾಪಸ್ ಕೊಟ್ಟಿದ್ದ ಕುಕ್ಕರ್ ಅದು. ಒಂದು ಸಲ ಮುಚ್ಚಿದರೆ ತೆಗೆಯಲು ತೊಡೆಯ ಸಂದಿಯಲ್ಲಿಟ್ಟು ಗುದ್ದಾಡಬೇಕಿತ್ತು. ನನಗೆ ಬೇಕಾದ್ದೂ ಅದೇ, ಆಸೆಯಾದ ಕೂಡಲೇ ಕೈ ಹಾಕಲು ಬರಬಾರದು. ಅಮ್ಮ ಅದರ ಮುಂದೆ ಹಾದು ಹೋದಾಗಲೆಲ್ಲ, "ಏನೇ ಜುಗ್ಗಿ, ಎಷ್ಟು ವಿಷಲ್ ಆಯ್ತು?" ಎಂದು ಕೇಳುವಳು. "ಇನ್ನೂ ಬೇಯ್ಬೇಕು, ಸುಮ್ನಿರು," ಅನ್ನುತ್ತಿದ್ದೆ.

ಬೇಯುವುದು ನಿಧಾನವಾಯಿತು. ಡ್ರೈವಿಂಗ್ ಸ್ಕೂಲಿನವರು ಹೇಳಿದ ಫೀಸು ಕೇಳಿ ನನ್ನ ಎದೆ ಧಸಕ್ಕೆಂದಿತ್ತು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸುವ ಖರ್ಚು ಬೇರೆ. ದಸರಾ ಹತ್ತಿರ ಬರುತ್ತಿತ್ತು. ಆಗ ನನ್ನ ಪಾಲಿಗೆ ದೇವರಂತೆ ಬಂದವರು ಎದುರುಮನೆ ಆಂಟಿ.

ಆಂಟಿಗೆ ಐವತ್ತರ ಮೇಲೆ ವಯಸ್ಸು. ಮಗಳನ್ನು ರಾಜರಾಜೇಶ್ವರಿನಗರಕ್ಕೆ ಕೊಟ್ಟಿದ್ದರು. ಮೊಮ್ಮಗು ಹುಟ್ಟಿತ್ತು. ಗಂಡನನ್ನು ಗೋಗರೆಯದೆ, ತಮಗೆ ಬೇಕೆನಿಸಿದಾಗ ಹೋಗಿ ಮಗುವನ್ನು ಎತ್ತಿಕೊಂಡು ಬರಬೇಕೆಂದು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು. ಆದರೆ ಗೊತ್ತಿಲ್ಲದ ಮೇಷ್ಟ್ರ ಜೊತೆ ಒಬ್ಬರೇ ಕಾರಿನಲ್ಲಿ ಕೂರಲು ಸಂಕೋಚ. ಗಂಡನನ್ನು ಹಿಂದೆ ಕೂರಿಸಿಕೊಂಡರೆ ಅವರು ಬೈದೇ ಸಾಯಿಸುತ್ತಾರೆಂಬ ಭಯ.

"ಬೆಳಿಗ್ಗೆ ಒಂದು ಗಂಟೆ ನನ್ನ ಜೊತೆ ಬಾರೇ, ಸುಮ್ನೆ ಹಿಂದೆ ಕೂತ್ಕೋ," ಎಂದರು.

ನನ್ನ ತಲೆಯಲ್ಲಿ ದೀಪ ಹತ್ತಿತು. ಹಿಂದೆ ಕೂತು ನೋಡಲು ಫೀಸು ಇಲ್ಲವಲ್ಲ! ಆಂಟಿಯ ದುಡ್ಡಿನಲ್ಲಿ ಪೂರ್ತಿ ಪಾಠ ನೋಡಿ ಕಲಿತು, ಆಮೇಲೆ ಕೈ ಪಳಗಿಸಲು ನಾಲ್ಕೈದು ಕ್ಲಾಸು ಮಾತ್ರ ನನ್ನ ದುಡ್ಡಿನಲ್ಲಿ ತೆಗೆದುಕೊಂಡರೆ ಸಾಕು. ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡೆ.

ಆ ಬೆಳಗುಗಳು ಈಗಲೂ ನೆನಪಾದರೆ ನಗು ಬರುತ್ತದೆ. ಮೇಷ್ಟ್ರು ಅನ್ನಪೂರ್ಣೇಶ್ವರಿ ನಗರದ ಕಡೆ, ಖಾಲಿ ಸೈಟುಗಳ ನಡುವಿನ ಸಮತಟ್ಟು ರಸ್ತೆಗಳಿಗೆ ಕರೆದೊಯ್ಯುತ್ತಿದ್ದರು. ಬಾಯಲ್ಲಿ ಸದಾ ಏಲಕ್ಕಿ. ಆಂಟಿ ಸ್ಟೇರಿಂಗನ್ನು ಸೊಸೆಯ ಜುಟ್ಟು ಹಿಡಿದಂತೆ ಹಿಡಿದಿರುತ್ತಿದ್ದರು. ಎದುರಿಗೆ ನಾಯಿ ಕಂಡರೆ "ಅಯ್ಯೋ ಶಿವನೇ", ಹಾಲಿನವನು ಕಂಡರೆ "ಅಯ್ಯೋ ಶಿವನೇ", ಯಾರೂ ಕಾಣದಿದ್ದರೂ "ಅಯ್ಯೋ ಶಿವನೇ". ಹಾರ್ನ್ ಒತ್ತಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ತಪ್ಪು ತಿಳ್ಕೋಬೇಡಪ್ಪಾ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದುದು. ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಅಮ್ಮಾ, ನೀವು ಬರೀ ಸ್ಟೇರಿಂಗ್ ನೋಡ್ಕೊಳಿ. ಕ್ಲಚ್ಚು ನಾನು ನೋಡ್ಕೋತೀನಿ. ಸುಮ್ನೆ ಕ್ಲಚ್ ಪ್ಲೇಟ್ ಸುಟ್ಟು ಹೋದ್ರೆ ನಮ್ಮ ಓನರ್ರು ನನ್ ಸಂಬಳದಲ್ಲಿ ಹಿಡೀತಾರೆ," ಅನ್ನುತ್ತಿದ್ದರು. ಸ್ಕೂಲಿನ ಕಾರಲ್ಲವೇ, ಮೇಷ್ಟ್ರ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು.

ನಾನು ಹಿಂದೆ ಕೂತು, ಆಂಟಿ ತಂದ ನಿಪ್ಪಟ್ಟು ಮುರಿಯುತ್ತ, ಎಲ್ಲವನ್ನೂ ಕಣ್ಣಲ್ಲೇ ಕಲಿತೆ. ಯಾವಾಗ ಗೇರು, ಯಾವ ಕನ್ನಡಿ, ತಿರುವಿನಲ್ಲಿ ಕೈ ಹೇಗೆ ಹೋಗಬೇಕು, ಎಲ್ಲ. ಆಂಟಿ ತಪ್ಪು ಗೇರಿಗೆ ಕೈ ಹಾಕುವ ಮುಂಚೆಯೇ ನಾನು ಹಿಂದಿನಿಂದ "ಸೆಕೆಂಡು ಆಂಟಿ, ಸೆಕೆಂಡು" ಅನ್ನುವಷ್ಟು ಕಲಿತೆ. ಆಮೇಲೆ ಕುಕ್ಕರಿನ ಮುಚ್ಚಳ ಗುದ್ದಾಡಿ ತೆಗೆದು, ಎಲ್‌ಎಲ್‌ಆರ್ ಮಾಡಿಸಿ, ಅವರಲ್ಲಿದ್ದ ಅತಿ ಚಿಕ್ಕ ಪ್ಯಾಕೇಜನ್ನೂ ಅರ್ಧ ಮಾಡಿ ಕೊಡಿ ಎಂದು ಕೇಳಿದೆ.

"ಇಷ್ಟೇ ಕ್ಲಾಸಾ? ಯಾರೂ ಇಷ್ಟಕ್ಕೆ ಕಲಿಯಲ್ಲಮ್ಮ," ಎಂದರು ಮೇಷ್ಟ್ರು.

"ನಾನು ಆಗ್ಲೇ ಕಲ್ತಾಗಿದೆ ಸಾರ್."

ನಿಜಕ್ಕೂ ಮೊದಲ ದಿನವೇ ಕಾರು ನೆಟ್ಟಗೆ ಓಡಿಸಿದೆ. ಮೇಷ್ಟ್ರೇ ಏಲಕ್ಕಿ ಅಗಿಯುವುದು ನಿಲ್ಲಿಸಿ ನೋಡಿದರು. ಅವರ ಕಾಲು ಅವರ ಕಡೆಯ ಪೆಡಲಿನ ಮೇಲೇ ಇತ್ತು, ಅದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಮನೆಗೆ ಬಂದು, "ಗ್ಯಾರೇಜಿನವನಿಗೆ ಬೇರೆ ಗಾಡಿ ಹುಡುಕ್ಕೋ ಅನ್ನಿ ಅಪ್ಪಾಜಿ," ಎಂದು ಜಂಬ ಕೊಚ್ಚಿದೆ. ಕುಕ್ಕರಿನಲ್ಲಿ ಇನ್ನೂ ಸ್ವಲ್ಪ ಉಳಿದೂ ಇತ್ತು. ಅದರ ಖುಷಿಯೇ ಬೇರೆ.

ಆಯುಧ ಪೂಜೆ ಬಂತು. ಬೆಳಿಗ್ಗೆ ಅಂಗಡಿಯ ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಪೂಜೆ ಮುಗಿಸಿ ಅಪ್ಪಾಜಿ ಆಟೋದಲ್ಲಿ ಬಂದಾಗ, ಬೀದಿಯೆಲ್ಲ ಗಾಡಿ ತೊಳೆದ ನೀರು. ನಾನು ನಮ್ಮ ಕಾರನ್ನು ಉಜ್ಜಿ ಉಜ್ಜಿ, ಆರು ತಿಂಗಳ ಧೂಳು ತೆಗೆದಿದ್ದೆ. ಮೆಕ್ಯಾನಿಕ್ ಬಂದು ಬ್ಯಾಟರಿ ಸರಿ ಮಾಡಿ ಹೋಗಿದ್ದ. ಅಪ್ಪಾಜಿ ತಾವೇ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಬಳಿದರು. ಬೇರೆ ವರ್ಷ ಅದನ್ನು ಎರಡು ನಿಮಿಷದಲ್ಲಿ ಮುಗಿಸುವವರು, ಅವತ್ತು ಸುಮಾರು ಹೊತ್ತು ಬಾನೆಟ್ ಸವರುತ್ತಲೇ ನಿಂತರು. ಅಮ್ಮ ಸೇವಂತಿಗೆ ಹಾರ ಹಾಕಿ, ಎರಡೂ ಕಡೆ ಬಾಳೆಕಂದು ಕಟ್ಟಿದಳು. ಬೂದುಗುಂಬಳ ಒಡೆದದ್ದಾಯಿತು. ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು.

"ಮುಂದಕ್ಕೇ ಹೋಗ್ಬೇಕು ನೋಡು. ಹಿಂದಕ್ಕೆ ಬರಬಾರದು," ಎಂದಳು ಅಮ್ಮ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಪೂಜೆಯಾದ ಗಾಡಿ ಮೊದಲು ನಿಂಬೆಹಣ್ಣು ತುಳಿದು ಮುಂದೆ ಸಾಗಬೇಕು, ಹಿಂದೆ ಸರಿದರೆ ಅಪಶಕುನ.

ಕಡಲೆಪುರಿಗೆ ಕಾಯುವ ಮಕ್ಕಳು, ಎದುರುಮನೆ ಆಂಟಿ, ಅಂಕಲ್, ಮೇಲಿನ ಮನೆಯವರು ಎಲ್ಲ ಸೇರಿದ್ದರು. ಅಪ್ಪಾಜಿ ಕೋಲೂರಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. "ನಿಂಬೆಹಣ್ಣು ದಾಟಿಸು, ಆಮೇಲೆ ನಾನೂ ಕೂತ್ಕೋತೀನಿ," ಎಂದು ಕೀ ಕೊಟ್ಟರು. ನಾನು ರಾಣಿಯ ಹಾಗೆ ಕೂತೆ. ಸ್ಟಾರ್ಟ್ ಮಾಡಿದೆ. ಫಸ್ಟ್ ಗೇರ್ ಹಾಕಿದೆ. ಹ್ಯಾಂಡ್‌ಬ್ರೇಕ್ ಇಳಿಸಿ ಎಡಗಾಲು ಎತ್ತಿದೆ.

ಕಾರು ಒಮ್ಮೆ ಕೆಮ್ಮಿ, ಕುಪ್ಪಳಿಸಿ, ಆಫ್ ಆಯಿತು.

ಪರವಾಗಿಲ್ಲ ಎಂದುಕೊಂಡೆ. ಮತ್ತೆ ಮಾಡಿದೆ, ಮತ್ತೆ ಆಫ್. ಮೂರನೆಯ ಸಲ ಆಫ್ ಆದ ಮೇಲೆ ಗಾಬರಿಯಲ್ಲಿ ಕ್ಲಚ್ ಪೂರ್ತಿ ಒತ್ತಿಬಿಟ್ಟೆ. ನಮ್ಮದು ಏರು ರಸ್ತೆ ಅಂದೆನಲ್ಲ. ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬಾಳೆಕಂದು ಅಲ್ಲಾಡುತ್ತ, ಹಾರ ತೂಗಾಡುತ್ತ, ಸರ್ವಾಲಂಕಾರ ಭೂಷಿತೆಯಾಗಿ ಹಿಂದಕ್ಕೆ! ಚಕ್ರ ತಪ್ಪಿದ ಕೂಡಲೇ ನಿಂಬೆಹಣ್ಣುಗಳೂ ಇಳಿಜಾರಿನಲ್ಲಿ ನನ್ನ ಬೆನ್ನಿಗೇ ಉರುಳಿ ಬಂದವು. ಮಕ್ಕಳು ಹೋ ಎಂದು ಕಿರುಚಿ ನಿಂಬೆಹಣ್ಣು ಹಿಡಿಯಲು ಓಡಿದರು. ಅಮ್ಮ "ಶಿವ ಶಿವಾ" ಎಂದು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಓಡಿದಳು. ನಾನು ಬ್ರೇಕ್ ಒತ್ತಿ ನಿಲ್ಲಿಸಿದಾಗ ಅಂಕಲ್ ಹೂ ಹಾಕಿ ನಿಲ್ಲಿಸಿದ್ದ ಸ್ಕೂಟರಿಗೂ ನಮ್ಮ ಬಂಪರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗವಿತ್ತು.

"ಏನಾಯ್ತೇ? ಅಲ್ಲಿ ಅಷ್ಟು ಚೆನ್ನಾಗಿ ಓಡಿಸ್ತಿದ್ಯಲ್ಲ!" ಎಂದು ಓಡಿ ಬಂದ ಆಂಟಿ, ನನ್ನ ಕಾಲ ಕಡೆ ಬಗ್ಗಿ ನೋಡಿ, ಅತ್ಯಂತ ಮುಗ್ಧವಾಗಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು, "ಓ, ಇದರಲ್ಲಿ ಮೇಷ್ಟ್ರಿಲ್ವಲ್ಲ! ಕ್ಲಚ್ ಒತ್ತೋದು ಮೇಷ್ಟ್ರಲ್ವೇನೇ?"

ಬೀದಿಯೆಲ್ಲ ಘೊಳ್ಳೆಂದು ನಕ್ಕಿತು. ಆಗ ನನಗೆ ಹೊಳೆಯಿತು. ಹಿಂದಿನ ಸೀಟಿನಿಂದ ಕೈ ಕಾಣುತ್ತದೆ, ಕಾಲು ಕಾಣುವುದಿಲ್ಲ. ಎಲ್ಲ ಕಲಿತೆ ಎಂದುಕೊಂಡವಳು ಕಾಲಿನ ಕೆಲಸವನ್ನು ನೋಡಿಯೇ ಇರಲಿಲ್ಲ. ಮುಂದೆ ಕೂತ ನಾಲ್ಕೈದು ದಿನವೂ ನನ್ನ ಕಾರಿನ ಅರ್ಧವನ್ನು ಮೇಷ್ಟ್ರ ಕಾಲು ಓಡಿಸುತ್ತಿತ್ತು. ನಾನು ದುಡ್ಡು ಉಳಿಸಿದ್ದು ಸರಿಯಾಗಿ ಕ್ಲಚ್ಚಿನ ಮೇಲೇ.

ನನಗೆ ಮೈಯೆಲ್ಲ ಉರಿಯಿತು. ಆಂಟಿಯ ಮೇಲೆ ಸಿಟ್ಟು, ಮೇಷ್ಟ್ರ ಮೇಲೆ ಸಿಟ್ಟು, ನಗುತ್ತಿದ್ದ ಆ ಪಿಳ್ಳೆಗಳ ಮೇಲೆ ಸಿಟ್ಟು, ಎಲ್ಲಕ್ಕಿಂತ ಆ ಕುಕ್ಕರಿನಲ್ಲಿ ಉಳಿದಿದ್ದ ದುಡ್ಡಿನ ಮೇಲೆ. ನಾಳೆ ಗ್ಯಾರೇಜಿನವನು ಬರುತ್ತಾನೆ. ಕಾರು ಹೋಗುತ್ತದೆ. ಅಪ್ಪಾಜಿ ಬಾಗಿಲಲ್ಲಿ ಕೂತು ಖಾಲಿ ಜಾಗ ನೋಡುತ್ತಾರೆ. ಅಳುವುದಿಲ್ಲ ಅಂದಿದ್ದವಳು ಸ್ಟೇರಿಂಗಿಗೆ ಹಣೆ ಇಟ್ಟು ಅತ್ತುಬಿಟ್ಟೆ.

"ಇಳಿಯಮ್ಮ, ನಾನು ಹತ್ತಿಸಿ ಕೊಡ್ತೀನಿ," ಎಂದು ಎದುರುಮನೆ ಅಂಕಲ್ ಬಂದರು. ಮೇಲಿನ ಮನೆಯವರೂ ತೋಳು ಮಡಿಚಿಕೊಂಡು ಬಂದರು. ನಮ್ಮ ಬೀದಿಯಲ್ಲಿ ಅಷ್ಟೊಂದು ಜನ ಡ್ರೈವರುಗಳಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

"ಯಾರೂ ಮುಟ್ಟಬೇಡಿ," ಎಂದರು ಅಪ್ಪಾಜಿ.

ಕೋಲೂರಿಕೊಂಡು ಬಂದು ಎಡಗಡೆ ಬಾಗಿಲು ತೆಗೆದರು. ಆರು ತಿಂಗಳಲ್ಲಿ ಮೊದಲ ಸಲ ಆ ಕಾರಿನೊಳಗೆ ಕೂತರು. ಕೋಲನ್ನು ಹಿಂದಿನ ಸೀಟಿಗೆ ಎಸೆದರು. ಹ್ಯಾಂಡ್‌ಬ್ರೇಕ್ ಎಳೆದರು. ಅಮ್ಮನಿಗೆ ಕಿಟಕಿಯಿಂದ, "ನಿಂಬೆಹಣ್ಣು ಮತ್ತೆ ಇಡೇ," ಎಂದು ಕೂಗಿ, ನನ್ನ ಕಡೆ ತಿರುಗಿದರು.

"ಮೂಗು ಒರೆಸ್ಕೋ. ನನ್ನ ಕಾಲು ನೋಡು."

"ರೋಡ್ ನೋಡ್ಬೇಡ್ವಾ?"

"ರೋಡಲ್ಲೇನಿದೆ, ಒಡೆದ ಕುಂಬಳಕಾಯಿ ಇದೆ. ನನ್ನ ಕಾಲು ನೋಡು ಅಂದೆ."

ಅವರ ಎಡಗಾಲು ಮ್ಯಾಟಿನ ಮೇಲಿತ್ತು. ಅಲ್ಲಿ ಪೆಡಲ್ ಇಲ್ಲ, ಏನೂ ಇಲ್ಲ. ಡಾಕ್ಟರು ಬೇಡಿಕೊಂಡರೂ ಒತ್ತದ ಆ ಪಾದವನ್ನು ಅಪ್ಪಾಜಿ ನೆಲಕ್ಕೆ ಒತ್ತಿದರು. ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು. ನಾನೂ ನನ್ನ ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿದೆ.

"ಈಗ ನಾನು ಬಿಟ್ಟಂಗೆ ಬಿಡು. ನಿಧಾನ. ಇನ್ನೂ ನಿಧಾನ. ಇಂಜಿನ್ ದನಿ ಇಳೀತಲ್ಲ, ಕೇಳಿಸ್ತಾ? ಅಲ್ಲೇ ಹಿಡ್ಕೋ. ಮೂತಿ ಏಳ್ತಿದೆ ನೋಡು. ಈಗ ಬ್ರೇಕ್ ಬಿಡ್ತೀನಿ. ಬಲಗಾಲು ಸ್ವಲ್ಪ ಒತ್ತು."

ಅವರ ಮೊಣಕಾಲು ಕೂದಲೆಳೆಯಷ್ಟು ಮೇಲೇಳುತ್ತಿತ್ತು, ನಾನೂ ಅಷ್ಟೇ ಏಳಿಸಿದೆ. ಹ್ಯಾಂಡ್‌ಬ್ರೇಕ್ ಇಳಿಯಿತು. ಕಾರು ಹಿಂದಕ್ಕೆ ಜಾರಲಿಲ್ಲ. ಒಂದು ಕ್ಷಣ ಏರಿನಲ್ಲಿ ಹಾಗೇ ನಿಂತು, ಆಮೇಲೆ ಮುಂದಕ್ಕೆ ಹೊರಟಿತು. ಪಚಕ್ ಪಚಕ್ ಎಂದು ನಿಂಬೆಹಣ್ಣು ಒಡೆದ ಸದ್ದು ಕೇಳಿಸಿತು, ವಾಸನೆ ಒಳಗೆಲ್ಲ ತುಂಬಿತು. ಹಿಂದೆ ಆಂಟಿ "ಅಯ್ಯೋ ಶಿವನೇ" ಎಂದು ಚಪ್ಪಾಳೆ ತಟ್ಟುತ್ತಿದ್ದರು.

ಗಣೇಶನ ಗುಡಿಯವರೆಗೂ ಅಪ್ಪಾಜಿಯ ಕಾಲು ಒತ್ತುತ್ತ ಬಿಡುತ್ತ ಬಂತು. ಹಿಂದಿರುಗುವಾಗ ಒಂದು ತಿರುವಿನಲ್ಲಿ ಕಾರು ಮತ್ತೆ ಆಫ್ ಆಯಿತು. ಹಿಂದಿನವನು ಹಾರ್ನ್ ಹೊಡೆದ. ಜನ್ಮದಲ್ಲಿ ಹಾರ್ನ್ ಹೊಡೆಯದ ಅಪ್ಪಾಜಿ ಕಿಟಕಿಯಿಂದ ಕೈ ಹೊರಗೆ ಹಾಕಿ, "ಕಲೀತಾ ಇದಾಳೆ ಕಣಯ್ಯಾ, ನೀನೇನ್ ಹುಟ್ತಾನೇ ಓಡಿಸ್ತಿದ್ಯಾ?" ಎಂದು ಗದರಿದರು.

ಮನೆ ಮುಂದೆ ಕಾರು ನಿಲ್ಲಿಸಿ ನಾನು ಹೇಳಿದೆ, "ಅಪ್ಪಾಜಿ, ನಾನು ಒಬ್ಳೇ ಹತ್ತಿಸ್ಲಿಲ್ಲ. ನೀವು ಹೇಳಿದ ಮಾತಿನ ಪ್ರಕಾರ ನಾನು ಸೋತೆ."

"ಅದೇನ್ ಲಾಯರ್ ಥರ ಮಾತಾಡ್ತೀಯಾ? ಲೈಸೆನ್ಸ್ ಬರೋ ತನಕ ಪಕ್ಕದಲ್ಲಿ ಯಾರಾದ್ರೂ ಕೂರಲೇಬೇಕಲ್ಲ," ಎಂದರು. ಆಮೇಲೆ ಫೋನ್ ತೆಗೆದು ಗ್ಯಾರೇಜಿನವನಿಗೆ ಮಾಡಿದರು. "ಬರೋದು ಬೇಡ ಮಾರಾಯ. ಗಾಡಿಗೆ ಡ್ರೈವರ್ ಸಿಕ್ಕಿದ್ದಾಳೆ. ಸಂಬಳಾನೂ ಇಲ್ಲ."

ಅಲ್ಲಿಂದ ದಿನಾ ಬೆಳಿಗ್ಗೆ ಅವರನ್ನು ಅಂಗಡಿಗೆ ಬಿಟ್ಟು, ಕಾರನ್ನು ಅಲ್ಲೇ ನಿಲ್ಲಿಸಿ ನಾನು ಕಾಲೇಜಿಗೆ ಹೋಗುವುದಾಯಿತು. ಕುಕ್ಕರಿನಲ್ಲಿ ಉಳಿದಿದ್ದು ಪೆಟ್ರೋಲಿಗೆ ಹೋಯಿತು. ವಿಜಯನಗರದ ಟ್ರಾಫಿಕ್ಕಿನಲ್ಲಿ ಅಪ್ಪಾಜಿಯ ಪಾದ ಮ್ಯಾಟಿನ ಮೇಲೆ ಎಷ್ಟು ಸಲ ಒತ್ತಿ ಬಿಡುತ್ತಿತ್ತೋ ದೇವರೇ ಬಲ್ಲ. ಭಾನುವಾರದ ತಟ್ಟೆ ಇಡ್ಲಿ ಮತ್ತೆ ಶುರುವಾಯಿತು. ಕೆಂಗೇರಿ ಬರುವ ಹೊತ್ತಿಗೆ ಅಜ್ಜನ ಎತ್ತುಗಳೂ ಬರುತ್ತಿದ್ದವು. ಆಂಟಿ ಕೂಡ ಕೊನೆಗೆ ಕಲಿತರು, ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರು ಕೊಂಡರು. ಈಗಲೂ ಹಾರ್ನ್ ಒತ್ತಿದ ಮೇಲೆ ಕ್ಷಮೆ ಕೇಳುತ್ತಾರೆ.

ನನಗೆ ಲೈಸೆನ್ಸ್ ಬಂತು, ಡಿಗ್ರಿ ಮುಗಿಯಿತು, ಕೆಲಸವೂ ಸಿಕ್ಕಿತು. ಅಪ್ಪಾಜಿ ಮಾತ್ರ ಎಡಗಡೆ ಸೀಟಿನಲ್ಲೇ ಇದ್ದರು. ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಅಮ್ಮನೂ ನಾನೂ ಕಾಳು ಬಿಡಿಸುತ್ತ ಕೂತಿದ್ದಾಗ ನಾನು, "ಪಾಪ ಅಪ್ಪಾಜಿಗೆ ಇನ್ನೂ ಓಡ್ಸಕ್ಕಾಗಲ್ಲ ಅಲ್ವಾ," ಎಂದೆ.

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ನಿಂಗೊತ್ತಿಲ್ವೇನೇ? ನಿನ್ನ ಲೈಸೆನ್ಸ್ ಬಂದ ವರ್ಷವೇ ಡಾಕ್ಟ್ರು ಪಾದ ನೋಡಿ, ಪೂರ್ತಿ ಬಗ್ತಾ ಇದೆ, ಆರಾಮಾಗಿ ಗಾಡಿ ಓಡಿಸಿ ಅಂದ್ರು. ಏನ್ ಎಕ್ಸರ್ಸೈಜ್ ಮಾಡಿದ್ರಿ ಅಂತ ಅವರೇ ಬೆರಗಾದ್ರು."

"ಮತ್ತೆ ಯಾಕೆ ಓಡಿಸಲ್ಲ?"

"ನಾನೂ ಕೇಳ್ದೆ. ಓಡಿಸೋಕೆ ಅವಳಿದಾಳಲ್ಲ, ನಾನು ಪಕ್ಕದಲ್ಲಿ ಕೂತ್ರೆ ಮಾತಾಡ್ಕೊಂಡು ಹೋಗ್ಬಹುದು ಅಂದ್ರು. ನಿಂಗೆ ಹೇಳ್ಬೇಡ ಅಂದಿದ್ರು. ಯಾವ ಕಾಲದ ಮಾತು, ಮರ್ತೇಹೋಗಿತ್ತು ನಂಗೆ."

ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಅಪ್ಪಾಜಿಯನ್ನು ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಬಲಗಡೆಗೆ ಬಂದುಬಿಡುತ್ತಾರೋ ಎಂಬ ಹೆದರಿಕೆ.

ಮೊನ್ನೆ ಆಯುಧ ಪೂಜೆಗೆ ಮುಂಚೆ ಮಾಗಡಿ ರಸ್ತೆಯ ಒಂದು ಅಂಗಡಿಗೆ ಕಾರಿನ ಮ್ಯಾಟ್ ತರಲು ಹೋಗಿದ್ದೆ. ಅಂಗಡಿಯವನು ಅಳತೆ ನೋಡಲು ಬಾಗಿಲು ತೆಗೆದು, ಎಡಗಡೆ ಮುಂದಿನ ಮ್ಯಾಟ್ ಎತ್ತಿ ಹಿಡಿದ. ನಡುವೆ ಹಿಮ್ಮಡಿಯಷ್ಟು ಅಗಲ ಸವೆದು ತೂತು ಬಿದ್ದು, ಅದರ ಮೂಲಕ ಅವನ ಮುಖ ಕಾಣುತ್ತಿತ್ತು.

"ಡ್ರೈವರ್ ಕಡೆ ಸವೆಯೋದು ನೋಡಿದೀನಿ ಮೇಡಂ. ಇದೇನಿದು, ಈ ಕಡೆ?"

"ಆ ಕಡೆನೂ ಒಂದು ಕ್ಲಚ್ ಇದೆ ಅಣ್ಣ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಬಿಡಿ, ಅರ್ಥವಾಗಬೇಕಾದ್ದೂ ಇಲ್ಲ. ಆ ಹಳೆಯ ಮ್ಯಾಟನ್ನು ಅವನ ಕೈಯಿಂದ ತೆಗೆದುಕೊಂಡು, ಧೂಳು ಕೊಡವಿ ಇದ್ದಲ್ಲೇ ಹಾಸಿದೆ. ಮಿಕ್ಕ ಮೂರಕ್ಕೆ ಮಾತ್ರ ಹೊಸದು ಹಾಕಿಸಿದೆ. ಸೆಟ್ಟಿನಲ್ಲಿ ಒಂದು ನಿಮ್ಮ ಹತ್ತಿರವೇ ಉಳಿಯಿತಲ್ಲ ಎಂದು ಚೌಕಾಸಿ ಮಾಡಿ ರೇಟೂ ಇಳಿಸಿದೆ.

ಸಂಜೆ ಅಪ್ಪಾಜಿ ಕಾರು ಹತ್ತಿ ಕೂತು, ಕೆಳಗೆ ನೋಡಿ, "ಒಂದು ಮ್ಯಾಟ್ ಉಳಿಸಿದೀಯಲ್ಲೇ ಜುಗ್ಗಿ," ಎಂದರು.

"ಹೂಂ ಅಪ್ಪಾಜಿ," ಎಂದೆ. ಅವರು ಎಡಗಾಲನ್ನು ಆ ತೂತಿನ ಮೇಲಿಟ್ಟು ಒತ್ತಿದರು, ನಾನು ಕ್ಲಚ್ ಒತ್ತಿ ಗೇರ್ ಹಾಕಿದೆ.